ಕೊಟ್ಟದ್ದು, ಬಿದ್ದದ್ದು

ಪುಯೆಬ್ಲಾ ಊರಿನ ಈ ಅಂಗಡಿಯಲ್ಲಿ ನನಗೆ ಸಂಬಳ ಉಂಟು,
ಹದಿನೈದು ದಿನಕ್ಕೊಮ್ಮೆ. ಏಳನೇ ಕೌಂಟರು.
ನನ್ನ ಎಡಗೈಗೆ ಮೊಳದಷ್ಟು ದೂರ ನಿಲ್ಲುವ
ಡೊನ್ ಎವೆರಾರ್ದೋಗೆ ಇಲ್ಲ.

ಏಪ್ರನ್ನು ಅವರದೇ ದುಡ್ಡಿನದು.
ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ
'ಸ್ವಯಂಸೇವಕ' ಎಂದಿದೆ.
ಎಪ್ಪತ್ತೆರಡರ ಮೊಣಕಾಲು
ಯಾವ ಸೇವೆಗೆ ನಿಂತಿದೆಯೆಂದು ಪುಸ್ತಕ ಕೇಳಿಲ್ಲ.

ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ.
ಚೀಲ ತುಂಬುವುದಲ್ಲ, ಕಟ್ಟುವುದು:
ಅಡಿಪಾಯಕ್ಕೆ ಕರಿ ಬೀನ್ಸಿನ ಡಬ್ಬಿ,
ಮೂಲೆಗಲ್ಲಿಗೆ ಹಾಲಿನ ಪೆಟ್ಟಿಗೆ,
ಸಾಬೂನಿಗೂ ಬ್ರೆಡ್ಡಿಗೂ ನಡುವೆ ಒಂದು ಗೋಡೆ,
ಸೂರಿಗೆ ಮೊಟ್ಟೆ.
"ಈ ನೆಲ ಎಡಕ್ಕೆ ಅರ್ಧ ಬೆರಳು ಇಳಿಜಾರು" ಎಂದಿದ್ದರು
ಬಂದ ಮೊದಲ ದಿನವೇ, ಬೂಟಿನ ಹಿಮ್ಮಡಿಯಲ್ಲಿ ಅಳೆದು.
ಯಾರೂ ನಂಬಲಿಲ್ಲ. ಆಮೇಲೆ ಯಾರದೋ ಕೈಯಿಂದ
ಎರಡು ಪೆಸೊ ಜಾರಿ, ಎಡಕ್ಕೇ ಉರುಳಿ,
ಐಸ್‌ಕ್ರೀಮ್ ಪೆಟ್ಟಿಗೆಯ ಅಡಿಗೆ ಹೋಯಿತು.
ಅವರು ಬಗ್ಗಲಿಲ್ಲ.

ಮೇಡಂ ಹೊವಿತಾ, ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿದವರು,
ಒಂದು ಕಾಸೂ ಕೊಡುವುದಿಲ್ಲ. ಕೊಡುವುದಿಲ್ಲವೆಂಬುದನ್ನು
ಗಟ್ಟಿಯಾಗಿಯೇ ಹೇಳುತ್ತಾರೆ:
"ನಾವು ಕೊಡುತ್ತ ಹೋದರೆ ಅಂಗಡಿ ಕೊಡುವುದು ಯಾವಾಗ?
ನಮ್ಮ ಚಿಲ್ಲರೆಯಿಂದ ಮಾಲೀಕರ ನೋಟು ಉಳಿಯುತ್ತದೆ."
ಸರಿ. ಮನಸ್ಸಿನಲ್ಲೇ ಎರಡು ಸಲ ಸರಿ ಎಂದೆ.
ಡೊನ್ ಎವೆರಾರ್ದೋ ಅವರ ಚೀಲಕ್ಕೂ ಎಂದಿನಂತೆ ಸೂರು ಹಾಕಿದರು.
ಆ 'ಸರಿ' ಎಷ್ಟು ತೂಗುತ್ತದೆ?
ಟೊಮೆಟೊ ತೂಗುವ ತಕ್ಕಡಿ ನನ್ನೆದುರೇ ಇದೆ;
ಸೊನ್ನೆ ಸೊನ್ನೆ ಸೊನ್ನೆ.

ಆದರೆ ನಾನೂ ಕೇಳಬೇಕು. ನಿಯಮ. ಪ್ರತಿಯೊಬ್ಬರನ್ನೂ:
"ಮೇಲಿನ ಚಿಲ್ಲರೆ ಅನಾಥ ಮಕ್ಕಳ ನಿಧಿಗೆ ಹಾಕಲೇ?"
ಹೂಂ ಎನ್ನುತ್ತಾರೆ. ಒಳ್ಳೆಯವರು.
ತೊಂಬತ್ತು ಸೆಂತಾವೊ ಪರದೆಯ ಮೇಲೆ ಅಂಕಿಯಾಗಿ
ಯಾವುದೋ ಮಗುವಿನ ಕಡೆ ಹೊರಡುತ್ತದೆ,
ಒಳ್ಳೆತನದ ಬಾಕಿ ಅಲ್ಲಿಗೆ ಚುಕ್ತಾ.
ಕಾರ್ಡು ಹಿಡಿದ ಕೈಯಂತೂ ಹೇಗೂ ಖಾಲಿ.
"ದೇವರು ಒಳ್ಳೆಯದು ಮಾಡಲಿ" ಅನ್ನುತ್ತಾರೆ ಡೊನ್ ಎವೆರಾರ್ದೋ,
ಕೊಟ್ಟವರಿಗೂ ಕೊಡದವರಿಗೂ ಒಂದೇ ದನಿ.
ಆ ಒಂದೇ ದನಿಯನ್ನು ಕಾಯ್ದುಕೊಳ್ಳಲು
ದಿನಕ್ಕೆ ಎಷ್ಟು ಖರ್ಚಾಗುತ್ತದೋ.

ಬೆಂಕಿಬೆಟ್ಟ ಬೂದಿ ಉಗುಳಿದ ವಾರ
ಊರಿಗೆ ಊರೇ ನೀರಿನ ಕ್ಯಾನು ಹೊತ್ತಿತು.
ಆ ವಾರವೇ ಐಸ್‌ಕ್ರೀಮ್ ಪೆಟ್ಟಿಗೆ ಕೆಟ್ಟು, ಪಕ್ಕಕ್ಕೆ ಸರಿಸಿದರು.
ಅಡಿಯಲ್ಲಿ ಹೇರ್‌ಪಿನ್ನು, ಒಂದು ಹಾಲುಹಲ್ಲು, ಧೂಳಿನ ಜಡೆ,
ಮತ್ತೆ ಎಪ್ಪತ್ತೊಂದು ಪೆಸೊ.
"ನಿಮ್ಮದೇ ತಾತ, ತಗೊಳ್ಳಿ" ಎಂದು ಮ್ಯಾನೇಜರು ನಕ್ಕ.
ಡೊನ್ ಎವೆರಾರ್ದೋ ಏಪ್ರನ್ನಿಗೆ ಕೈ ಒರೆಸಿಕೊಂಡರು.
"ಬಿದ್ದದ್ದು" ಎಂದರು. "ಕೊಟ್ಟದ್ದಲ್ಲ."

ಅವನಿಗೆ ಅರ್ಥವಾಗಲಿಲ್ಲ. ನನಗೂ ಪೂರಾ ಆಗಿಲ್ಲ.
ಹಂಗು ಇರುವುದು ಕೊಟ್ಟದ್ದಕ್ಕಲ್ಲವೇ?
ಬಿದ್ದದ್ದಕ್ಕೆ ಯಾರ ಹಂಗು?
ಬಸ್ಸಿಗೆ ಕಾಯುವಾಗ ಕೇಳಿಯೇಬಿಟ್ಟೆ.
"ನಾನು ಕಟ್ಟಿದ ಚೀಲ ಇದೆಯಲ್ಲ ಮಗಳೇ,
ಅದು ಆ ನಾಣ್ಯಕ್ಕೆ ಗೊತ್ತಿಲ್ಲ" ಎಂದರು.
ಬಸ್ಸು ಬಂತು.

ನನ್ನ ರಜೆಯ ದಿನ ಬೇರೆ ಬಡಾವಣೆಯ ಬೇರೆ ಅಂಗಡಿ.
ಗುರುತಿಲ್ಲದ ಒಬ್ಬ ಅಜ್ಜಿ ನನ್ನ ಚೀಲ ತುಂಬಿದಳು,
ಮೊಟ್ಟೆ ಕೆಳಗೆ, ನೀರಿನ ಬಾಟಲಿ ಮೇಲೆ.
ಜೇಬಿನಲ್ಲಿ ಐದು ಪೆಸೊ ಬೆಚ್ಚಗಾಗುತ್ತಿತ್ತು.
ಸೊಟ್ಟ ಗೋಡೆಗೂ ಕೂಲಿ ಉಂಟೇ?
ಮೇಡಂ ಹೊವಿತಾ ನೆನಪಾದರು. ನೆಲ ನೋಡಿದೆ. ಸಮತಟ್ಟು.
ಕೊಟ್ಟೆ.
ಮುಖ ನೋಡದೆ ಕೊಟ್ಟೆ,
ಮೂರು ವರ್ಷ ಕೌಂಟರಿನ ಆಚೆ ಕೂತು
ಈ ಜನ ಯಾಕೆ ಮುಖ ನೋಡುವುದಿಲ್ಲವೆಂದು
ಬೈದುಕೊಂಡವಳು ನಾನು.

ಮನೆಗೆ ಬಂದು ಬಿಚ್ಚಿದರೆ ಎರಡು ಮೊಟ್ಟೆ ಒಡೆದಿದ್ದವು.
ಮೊದಲು ಅವನ್ನೇ ಹುರಿದೆ.