ಟಿಕೆಟ್ಟಿಲ್ಲದವರು

ಸೀಸೆಯನ್ನು ಅಲುಗಿಸಬಾರದು, ನೊರೆ ಬರುತ್ತದೆ.
ಫ್ರಿಜ್ಜಿನಿಂದ ತೆಗೆದು ಎರಡು ಅಂಗೈ ನಡುವೆ
ಸುಮ್ಮನೆ ಹಿಡಿದು ಕೂರುತ್ತೇನೆ, ಚಳಿ ಬಿಡುವ ತನಕ.
ದೆಬ್ರೆತ್ಸೆನ್ನಿನ ಆಸ್ಪತ್ರೆ, ಮೂರನೇ ಮಹಡಿ.
ಹೊರಗೆ ಒಂದನೇ ನಂಬರಿನ ಟ್ರಾಮು ತಿರುವಿನಲ್ಲಿ ಕಿರ್ರೆನ್ನುತ್ತದೆ.
ಪಿರೋಶ್ಕಾ ಕಣ್ಣು ಮುಚ್ಚಿಕೊಂಡೇ ಹೇಳುತ್ತಾಳೆ:
"ಎಂಟು ನಿಮಿಷ ತಡ."

ಇಪ್ಪತ್ತೆರಡು ವರ್ಷ ಅದೇ ಟ್ರಾಮಿನಲ್ಲಿ ಟಿಕೆಟ್ ತಪಾಸಣೆ.
ಈಗ ಮೊಣಕಾಲಿಂದ ಕೆಳಗೆ ಸಾಸಿವೆ ಚೆಲ್ಲಿದಂಥ ಕೆಂಪು ಚುಕ್ಕಿ,
ಒಸಡಲ್ಲಿ ರಕ್ತ, ತೋಳಲ್ಲಿ ಯಾರೂ ಹೊಡೆಯದ ಪೆಟ್ಟಿನ ನೀಲಿ.
ಪ್ಲೇಟ್ಲೆಟ್ ನಾಲ್ಕು ಸಾವಿರ.
ಇರಬೇಕಾದ್ದು ಒಂದೂವರೆ ಲಕ್ಷ.

ಡಾಕ್ಟರು ಚಿತ್ರ ಬರೆದು ಹೇಳಿದ್ದು ತಲೆಗೆ ಹತ್ತಲಿಲ್ಲ.
ನಾನು ಅವಳ ಮಾತಲ್ಲೇ ಹೇಳಿದೆ:
ನಿನ್ನ ಗುಲ್ಮದೊಳಗೆ ನಿನ್ನಂಥವರೇ ಇದ್ದಾರೆ ಪಿರೋಶ್ಕಾ,
ಸಮವಸ್ತ್ರ ತೊಟ್ಟವರು.
ತಲೆ ಕೆಟ್ಟು, ಟಿಕೆಟ್ ಇದ್ದವರನ್ನೇ ಕೆಳಗಿಳಿಸುತ್ತಿದ್ದಾರೆ.
ಈ ಸೀಸೆ ಸಾವಿರಾರು ಅಪರಿಚಿತರನ್ನು
ಒಂದೇ ಸಲ ಹತ್ತಿಸುತ್ತದೆ. ಬಾಗಿಲಲ್ಲಿ ನೂಕುನುಗ್ಗಲು.
ಅವರನ್ನು ವಿಚಾರಿಸುವುದರಲ್ಲೇ ಸಾಹೇಬರ ಕೈ ತುಂಬಿಹೋಗಿ
ನಿನ್ನ ಪುಟ್ಟ ಪ್ರಯಾಣಿಕರು ಹಿಂದಿನ ಸೀಟಲ್ಲಿ ಉಳಿದುಕೊಳ್ಳುತ್ತಾರೆ.

ನಕ್ಕಳು. ತುಟಿಯಲ್ಲಿ ರಕ್ತ ಜಿನುಗಿತು; ಹತ್ತಿ ಒತ್ತಿದೆ.

ನಿಮಿಷಕ್ಕೆ ಇಷ್ಟು ಹನಿ, ಅರ್ಧ ಗಂಟೆಗೊಮ್ಮೆ ಬಿ.ಪಿ.,
ನಡುಕ ಬಂದರೆ ನಿಲ್ಲಿಸಬೇಕು.
ನಡುರಾತ್ರಿ ಕೇಳಿದಳು: "ಇದು ಯಾರದ್ದು?"
ಪ್ಲಾಸ್ಮಾ ಕೊಟ್ಟವರದ್ದು. ರೈಲು ನಿಲ್ದಾಣದ ಹತ್ತಿರ ಕೇಂದ್ರವಿದೆಯಲ್ಲ,
ಬಾಡಿಗೆಗೆ ಸಾಲದ ಹುಡುಗರು, ತಿಂಗಳ ಕೊನೆಯ ವಾರದ ತಾಯಂದಿರು
ಮೊಣಕೈ ಮಡಿಕೆಗೆ ಬಣ್ಣದ ಪಟ್ಟಿ ಸುತ್ತಿಸಿಕೊಂಡು ಹೊರಡುತ್ತಾರೆ.

ಬಹಳ ಹೊತ್ತು ಮಾತಿಲ್ಲ.
"ಆ ಪಟ್ಟಿ ನನಗೆ ಗೊತ್ತು," ಅಂದಳು.
"ಟಿಕೆಟ್ ಇರುವುದಿಲ್ಲ ಅವರ ಹತ್ತಿರ."

ಮೂರನೇ ದಿನ ನಲವತ್ತೊಂದು ಸಾವಿರ. ಆರನೇ ದಿನ ಲಕ್ಷ ದಾಟಿತು.
ಮನೆಗೆ ಹೋದಳು. ಇದು ವಾಸಿಯಲ್ಲ, ಕೈಗಡ:
ನಾಲ್ಕು ವಾರಕ್ಕೆ ಮತ್ತೆ ಬಂದಳು, ಕಾಲ ತುಂಬ ಸಾಸಿವೆ.

ಸೀಸೆಯ ಮೈಯಿಂದ ಲಾಟ್ ನಂಬರಿನ ಚೀಟಿ ಸುಲಿದು
ಅವಳ ಫೈಲಿಗೆ ಅಂಟಿಸುತ್ತಿದ್ದೆ.
"ಗುರುವಾರ ಒಬ್ಬ ಸಿಕ್ಕ," ಅಂದಳು, "ಹಸಿರು ಪಟ್ಟಿ.
ಇಪ್ಪತ್ತೂ ಆಗಿರಲಿಕ್ಕಿಲ್ಲ."
ಬಿಟ್ಟೆಯಾ?
"ಇಲ್ಲ. ದಂಡ ಬರೆದೆ. ಕಾನೂನು ಕಾನೂನೇ.
ಚೀಟಿ ಕೈಗೆ ಕೊಟ್ಟು ಕೇಳಿದೆ, ಊಟ ಆಯ್ತಾ ಅಂತ."
ಏನಂದ?
"ಮುಂದಿನ ಸ್ಟಾಪಿನಲ್ಲಿ ಇಳಿದುಹೋದ."

ಎರಡನೇ ಸೀಸೆ ಇನ್ನೂ ತಣ್ಣಗಿತ್ತು.
ಕೊಡು ಇಲ್ಲಿ, ಅಂದಳು.
ತನ್ನ ಅಂಗೈಯಲ್ಲೇ ಹಿಡಿದು ಕೂತಳು,
ಅಲುಗಿಸದೆ.