ಎಡಗೈ ತೋರುಬೆರಳು

ಈ ಸಲವೂ ಗೋಡೆಗಳನ್ನು ನಾನೇ ಬರೆದೆ,
ಬಿಣಗಾದಿಂದ ಮುದಗಾವರೆಗೆ, ಚದರಡಿಗೆ ಹದಿನಾಲ್ಕು ರೂಪಾಯಿ.
ಸುಣ್ಣ ಅವರದು, ಬ್ರಶ್ಶು ನನ್ನದು.
ಒಬ್ಬನ ಚಿಹ್ನೆಯ ಮೇಲೆ ಇನ್ನೊಬ್ಬನದು ಬರೆದರೆ
ಹಳೆಯದು ಒಳಗಿಂದ ಇಣುಕುತ್ತದೆ.
ಎರಡನೇ ಕೋಟಿಂಗಿಗೆ ದುಡ್ಡು ಬಿಚ್ಚುವವರಿಲ್ಲ.

ತೋಡೂರು ಕಾಲನಿಯ ಕೊನೆಯ ಮನೆಗೆ ಮಾತ್ರ
ಕೇಳದೆ ಕೈ ಹಚ್ಚುವುದಿಲ್ಲ.
ಎಸ್ಪೆರಾನ್ಸ್ ಮಾವ್ಶಿ
ಕಟ್ಟೆಯ ಮೇಲೆ ತಾರ್ಲೆ ಒಣಹಾಕಿ ಕಾಗೆ ಓಡಿಸುತ್ತಾ
"ಬರಿ ಇನಾಸಾ, ಬರಿ,
ಸುಣ್ಣವಾದರೂ ಪುಕ್ಕಟೆ ಸಿಗಲಿ" ಅಂದಳು.

ಅರ್ಗಾದ ಮನೆ ನೌಕಾನೆಲೆಯ ಬೇಲಿಯೊಳಗೆ ಹೋದಾಗ
ನನಗೆ ಎಂಟು ವರ್ಷ.
ಲಾರಿಯ ಮೇಲೆ ಒರಳು, ಕೋಳಿಗೂಡು, ಬಾಗಿಲ ಚೌಕಟ್ಟು,
ಎಲ್ಲಕ್ಕಿಂತ ಮೇಲೆ, ಹಗ್ಗ ಬಿಗಿದು ಮಲಗಿಸಿದ
ಅಂಗಳದ ಕಲ್ಲಿನ ಖುರಿಸು.
ಅಮ್ಮ ಅಳುತ್ತಿದ್ದಳು.
ಮಾವ್ಶಿ ಡ್ರೈವರನಿಗೆ ಹೇಳುತ್ತಿದ್ದಳು:
"ಕೊಂಬೆ ನೋಡಿಕೊಂಡು ಹೊಡಿ ಮಾರಾಯಾ,
ಅವನ ತಲೆಗೆ ತಾಗೀತು."

ಆಮೇಲೆ ಫೈಲು.
ಕೆಂಪು ದಾರ, ಇಲಿ ತಿಂದ ಮೂಲೆ,
ಸರ್ವೆ ನಂಬರು, ಕೋರ್ಟಿನ ತಾರೀಖು, ಬಾವಿಗೆ ಕಟ್ಟಿದ ಬೆಲೆ,
ತೆಂಗಿನ ಮರ ಹನ್ನೊಂದು (ಇದ್ದದ್ದು ಹನ್ನೆರಡು).
ಬಂದವರೆಲ್ಲ ಅದನ್ನು ಎರಡೂ ಕೈಯಲ್ಲಿ ಹಿಡಿದು
ಫೋಟೋ ತೆಗೆಸಿಕೊಂಡರು. ಒಬ್ಬ ಕಣ್ಣನ್ನೂ ಒರೆಸಿಕೊಂಡ.
ಗೆದ್ದವನು ಮತ್ತೆ ಬರಲಿಲ್ಲ.
ಸೋತವನು ಬಂದ, ಮಗಳ ಮದುವೆ ಕಾಗದ ಕೊಡಲು.

ನಾನು ನಂಬಿದ್ದೆ. ಅದನ್ನೂ ಹೇಳಬೇಕು.
ಇಪ್ಪತ್ತೆರಡರ ಹುರುಪಿನಲ್ಲಿ ಒಬ್ಬನ ಜೀಪಿಗೆ ಮೈಕು ಕಟ್ಟಿ
ಗಂಟಲು ಹರಿಯುವಂತೆ ಕೂಗಿದ್ದೆ.
ಅವನ ಹೆಸರು ಕೂಗಿದಷ್ಟು ಸಲ
ಬೇರೆ ಯಾರ ಹೆಸರನ್ನೂ ನಾನು ಕರೆದಿಲ್ಲ.
ದೇವರದನ್ನೂ.

ಸಂಜೆ ಏಳಕ್ಕೆ ತೇರ್ಸ್.
ಖುರಿಸಿನ ಬುಡದಲ್ಲಿ ಮೊಂಬತ್ತಿ, ಗಾಳಿಗೆ ಕರಟದ ಮರೆ.
ಸರಿಯಾಗಿ ಆಗಲೇ ಪ್ರಚಾರದ ಟೆಂಪೊ ಬಂದು ನಿಂತಿತು.
ಅವರು ದನಿ ಇಳಿಸಲಿಲ್ಲ, ಮಾವ್ಶಿ ಏರಿಸಲಿಲ್ಲ.
ಅವಳ ತುಟಿ ಮಾತ್ರ ಕಾಣುತ್ತಿತ್ತು.

ಆ ರಾತ್ರಿ ಕೇಳಿಯೇಬಿಟ್ಟೆ:
"ಇಷ್ಟು ವರ್ಷ ಮೊಣಕಾಲೂರಿ ನಿನಗೆ ಸಿಕ್ಕಿದ್ದೇನು?
ಅವರೂ ಕೊಡಲಿಲ್ಲ, ಅವನೂ ಕೊಡಲಿಲ್ಲ."
ಬಂಗಡೆಯ ಮುಳ್ಳು ಬಿಡಿಸಿ ನನ್ನ ತಟ್ಟೆಗಿಡುತ್ತಾ ಅಂದಳು:
"ಅವರು ಬರುವುದು ನನ್ನ ಬೆರಳು ಬೇಕಾದಾಗ.
ಅವನಿಗೆ ನನ್ನಿಂದ ಏನಾಗಬೇಕು ಹೇಳು?
ಆದರೂ ಬಂದನಲ್ಲ,
ಲಾರಿಯ ಮೇಲೆ, ನಮ್ಮ ಕೋಳಿಗಳ ಜೊತೆ."

ಇದು ಉತ್ತರವೆಂದು ಆಗ ಅನ್ನಿಸಲಿಲ್ಲ.
ಈಗಲೂ ಪೂರ್ತಿ ಅನ್ನಿಸುವುದಿಲ್ಲ.

ಮತದಾನದ ದಿನ ಶಾಲೆಯ ಗೇಟು ತೆರೆಯುವ ಮೊದಲೇ
ಇಗರ್ಜಿಗೆ ಉಡುವ ಸೀರೆ ಉಟ್ಟು
ಸಾಲಿನಲ್ಲಿ ಅವಳೇ ಮೊದಲು.
ನಾನು ನಕ್ಕೆ. ಅವಳು ನಗಲಿಲ್ಲ:
"ಓಟು ಹಾಕುವುದು ನೀರು ಸೇದಿದ ಹಾಗೆ. ಸೇದಲೇಬೇಕು.
ಹಾಗಂತ ಬಾವಿಯ ಹಗ್ಗಕ್ಕೆ
ಯಾರಾದರೂ ಮೊಂಬತ್ತಿ ಹಚ್ಚುತ್ತಾರೆಯೇ?"

ಅಂದು ಸಂಜೆ ಅವಳ ಎಡಗೈ ನೋಡುತ್ತಾ ಕೂತೆ.
ಶಾಯಿ ಹತ್ತಿದ ಬೆರಳು ಒಂದೊಂದೇ ಮಣಿ ದಾಟಿಸುತ್ತಿತ್ತು.
ಮಣಿಗೆ ಬಣ್ಣ ಹತ್ತಲಿಲ್ಲ.
ಉಗುರು ಬೆಳೆಯುತ್ತದೆ,
ಮಳೆ ಹಿಡಿಯುವ ಹೊತ್ತಿಗೆ ಆ ಕಪ್ಪು ತುದಿಗೆ ಸರಿದು
ಕತ್ತರಿಗೆ ಬೀಳುತ್ತದೆ.

ಡಬ್ಬಿಯಲ್ಲಿ ಅರ್ಧ ಬಿಳಿ ಉಳಿದಿತ್ತು.
ಯಾವ ಪಕ್ಷದ್ದೋ, ನೆನಪಿಲ್ಲ.
ಖುರಿಸಿಗೆ ಎರಡು ಕೋಟಿಂಗ್ ಹೊಡೆದೆ, ಲೆಕ್ಕ ಬರೆಯದೆ.
ಬಲತೋಳಿನಲ್ಲಿ ಲಾರಿಯ ಹಗ್ಗ ಕೊರೆದ ಗೆರೆ
ಎರಡನೆಯದಕ್ಕೂ ಮುಚ್ಚಲಿಲ್ಲ. ಹಾಗೇ ಬಿಟ್ಟೆ.

ನಾಡಿದ್ದು ಕಾರವಾರದಲ್ಲಿ ಎಣಿಕೆ.
ಇವತ್ತು ನಾನೂ ಮಾವ್ಶಿಯ ಪಕ್ಕ ಕೂತು ಎಣಿಸಿದೆ.
ಮೂರನೇ ಹತ್ತರಲ್ಲೆಲ್ಲೋ ಲೆಕ್ಕ ತಪ್ಪಿತು.
ಅವಳು ನಿಲ್ಲಲಿಲ್ಲ.
ಅವಳ ದನಿ ಹಿಡಿದುಕೊಂಡು
ಹೊರಟೆ.