ಎರಡು ಅಂಕದ ಪ್ರಶ್ನೆ

ಕಲಬುರಗಿಯ ಏಪ್ರಿಲ್. ಮೌಲ್ಯಮಾಪನ ಕೇಂದ್ರ.
ಫ್ಯಾನು ಬಿಸಿಗಾಳಿಯನ್ನೇ ಮಗುಚಿ ಮಗುಚಿ ಹಾಕುತ್ತದೆ
ಹಂಚಿನ ಮೇಲಿನ ರೊಟ್ಟಿಯಂತೆ.

ಹದಿನೇಳನೇ ಪ್ರಶ್ನೆ:
‘ಕಥೆಯ ದಾರಿಹೋಕನಲ್ಲಿ ನೀವು ಕಂಡ ಗುಣ ಯಾವುದು?’
ಮಾದರಿ ಉತ್ತರ: ತ್ಯಾಗ. ಎರಡು ಅಂಕ.
ಬೆಳಗಿನಿಂದ ಮೂವತ್ತೊಂದು ತ್ಯಾಗಗಳಿಗೆ
ಕೆಂಪು ಗೀಟು ಎಳೆದಿದ್ದೇನೆ.
ಒಂದರಲ್ಲಿ ಯ-ಒತ್ತು ಬಿಟ್ಟುಹೋಗಿತ್ತು,
ಅರ್ಧ ಅಂಕ ಕಳೆದೆ.

ಮೂವತ್ತೆರಡನೆಯದು. ಹೆಸರಿಲ್ಲ, ಬರೀ ಕೋಡ್ ನಂಬರು.
ಗುಂಡಗೆ, ಒತ್ತಿ ಬರೆದ ಅಕ್ಷರ:

‘ಕಥಿಯಾಗಿನ ಮನಷ್ಯಾ ರೊಟ್ಟಿ ಕೊಟ್ಟ,
ಊರ ಮಂದಿ ನೋಡಿ ಹೊಗಳಿದ್ರು.
ನಮ್ಮ ಓಣ್ಯಾಗ ಖಾಸಿಂಬಿ ಚಿಗವ್ವ ಅದಾಳ್ರಿ,
ಶಹಾಬಾದ ಫರಸಿ ಖಣಿಗಿ ಹೋಗ್ತಾಳ.
ನಮ್ಮವ್ವ ದವಾಖಾನ್ಯಾಗ ಇದ್ದಾಗ
ಇದ್ದೊಂದು ರೊಟ್ಟಿ ಮುರದು, ದೊಡ್ಡ ತುಂಡ ನನಗ ಕೊಟ್ಟು
ಹಲ್ಲ ಬ್ಯಾನಿ, ಕಡಿಯಾಕ ಬರಂಗಿಲ್ಲ ಅಂತಿದ್ಳು.
ಅಕಿ ಹಲ್ಲ ನಾ ನೋಡೀನ್ರಿ.
ಶೇಂಗಾ ಸಿಪ್ಪಿಸಹಿತ ಒಡಿತಾವ.
ಈ ಗುಣಕ್ಕ ಏನಂತಾರ ನನಗ ಗೊತ್ತಿಲ್ಲ.
ಸುಳ್ಳು ಅಂತ ಬರದ್ರ ತಪ್ಪ ಆಗ್ತದ.’

ಪೆನ್ನು ನಿಂತಿತು.
ಗೊತ್ತಿದ್ದ ಪದಗಳನ್ನೆಲ್ಲ ಕರೆದು ನೋಡಿದೆ.
ಔದಾರ್ಯ ಬಂತು, ಕರುಣೆ ಬಂತು, ಪರೋಪಕಾರವೂ,
ಎಲ್ಲ ಶಾಲು ಹೊದ್ದು, ಸನ್ಮಾನಕ್ಕೆ ಬಂದವರ ಹಾಗೆ.
ಖಾಸಿಂಬಿಯ ಪಕ್ಕ ನೆಲಕ್ಕೆ ಕೂರಲು
ಒಂದಕ್ಕೂ ಮಂಡಿ ಬಾಗಲಿಲ್ಲ.

ಮುಂದಿನ ಡೆಸ್ಕಿನಲ್ಲಿ ಆಳಂದದ ಅಣವೀರಪ್ಪ ಮಾಸ್ತರ
ಏನೋ ಗುನುಗುತ್ತ ಅಂಕ ಕೂಡಿಸುತ್ತಿದ್ದಾನೆ.
ಲಾಡ್ಜಿನಲ್ಲಿ ಬಿದ್ದಿರುವ ನನ್ನೆದುರು
ಒಂಬತ್ತು ದಿನದಿಂದ ಬುತ್ತಿ ಬಿಚ್ಚಿ ಅದೇ ಮಾತು:
‘ಮನ್ಯಾಗ ಲೆಕ್ಕ ತಿಳಿಯಂಗಿಲ್ಲಪಾ, ಹೆಚ್ಚಿಗಿ ಕಟ್ಯಾರ,
ನೀ ತಿನ್ನಲಿಲ್ಲಂದ್ರ ಚೆಲ್ಲೋದೇ.’
ಒಂಬತ್ತು ದಿನ ನಾನು
ಅವನ ಹೆಂಡತಿಗೆ ಲೆಕ್ಕ ಬರುವುದಿಲ್ಲವೆಂದೇ ನಂಬಿ
ಪುಂಡಿಪಲ್ಯ ಚಪ್ಪರಿಸಿದೆ;
ಮೂವತ್ತು ವರ್ಷ ಮಕ್ಕಳಿಗೆ
ಕಥೆಯ ನೀತಿ ಹೇಳಿಕೊಟ್ಟ ನಾನು.

ಎರಡು ಅಂಕ ಹಾಕಿದೆ.
ಮೇಲಿನವರು ಕೇಳಿದರೆ ಕೇಳಲಿ.
ಹಿಂದೆ ತಿರುವಿ, ಆ ಯ-ಒತ್ತಿನ ಅರ್ಧವನ್ನೂ
ಮರಳಿಸಿದೆ.

ಊಟದ ಗಂಟೆ. ಬುತ್ತಿ ಬಿಚ್ಚಿತು.
‘ಇವತ್ತೂ ನೋಡು, ಹೆಚ್ಚಾಗ್ಯಾದ...’
ನಾನೇ ರೊಟ್ಟಿ ಮುರಿದು
ದೊಡ್ಡ ತುಂಡು ಅವನತ್ತ ಸರಿಸಿದೆ:
‘ಯಾಕೋ ಹಲ್ಲ ಬ್ಯಾನಿ, ಮಾಸ್ತರ.’
ಗುನುಗು ನಿಲ್ಲಿಸಿ ಒಂದು ಗಳಿಗೆ
ನನ್ನ ಬಾಯನ್ನೇ ನೋಡಿದ.
‘ಯಾವ ಕಡಿದು?’
‘ಬಲಗಡಿದು’ ಅಂದೆ,
ಎಡಗೆನ್ನೆ ಹಿಡಿದುಕೊಂಡು.